ಓಣಿಯ ಸುದ್ದಿಯವಳು

ಅಮಾವಾಸ್ಯೆಯ ಮರುದಿನ, ಪಾಡ್ಯದ ಬೆಳಿಗ್ಗೆ, ನಮ್ಮ ಓಣಿಯ ಎರಡು ಬಾಯಿಗಳಿಗೆ, ಅಂದರೆ ಬಾವಿಯಿರುವ ತುದಿಗೂ ಹುಣಸೆಮರವಿರುವ ತುದಿಗೂ, ಯಾವ ಯಾವ ಓಣಿಗಳು ಬಂದು ಕೂಡಿಕೊಂಡಿವೆ ಎಂದು ತಿಳಿದುಕೊಂಡು ಬಂದು ಎಲ್ಲರಿಗೂ ಹೇಳುವ ಕೆಲಸ ನನ್ನ ಮಗಳು ದಾಕ್ಷಾಯಣಿಯದು. ನಮ್ಮೂರಿನಲ್ಲಿ ಮನೆಗಳು ತಮ್ಮ ಓಣಿ ಬಿಟ್ಟು ಕದಲುವುದಿಲ್ಲ. ಓಣಿಗಳು ಮಾತ್ರ ತಿಂಗಳಿಗೊಮ್ಮೆ ಜಾಗ ಬದಲಿಸುತ್ತವೆ. ನಿನ್ನೆ ಕುಂಬಾರ ಓಣಿ ಇದ್ದ ಕಡೆ ಇಂದು ಪಿಂಜಾರ ಓಣಿ ಇರಬಹುದು. ಸಂತೆಯ ಬಯಲು ದೂರ ಸರಿದು ಕೆರೆ ಹತ್ತಿರ ಬಂದಿರಬಹುದು. ಹೊರಗಿನವರಿಗೆ ಇದು ದೊಡ್ಡ ಸೋಜಿಗ. ನಮಗೆ, ಅಂದು ಸ್ವಲ್ಪ ಬೇಗ ಏಳಬೇಕು ಎನ್ನುವುದಷ್ಟೇ.

ಪ್ರತಿ ಓಣಿಗೂ ಒಬ್ಬ ಸುದ್ದಿಯವನೋ ಸುದ್ದಿಯವಳೋ ಇರುತ್ತಾರೆ. ಓಡುವ ಕಾಲು ಬೇಕು, ಸಂಕೋಚವಿಲ್ಲದ ಬಾಯಿ ಬೇಕು. ಹೀಗಾಗಿ ಅದು ಹದಿಹರೆಯದವರ ಕೆಲಸ. ಅವರು ಬಂದು ಹೇಳುವವರೆಗೆ ಯಾರೂ ಹೊಸಿಲು ದಾಟುವುದಿಲ್ಲ. ದಾಕ್ಷಾಯಣಿ ಹದಿಮೂರು ತುಂಬಿದ ಕೂಡಲೇ ಆ ಕೆಲಸಕ್ಕೆ ನಿಂತಳು. ನಾವಿನ್ನೂ ಹಲ್ಲುಜ್ಜುತ್ತಿರುವಾಗಲೇ ಅವಳು ಓಣಿಯ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟು ಕೂಗುವುದನ್ನು ಕೇಳಿದರೆ ನನಗೆ ಹೆಮ್ಮೆಯೂ ಆಗುತ್ತಿತ್ತು, ದೃಷ್ಟಿ ತಾಗೀತೆಂದು ಹೆದರಿಕೆಯೂ ಆಗುತ್ತಿತ್ತು. ನನಗೆ ಯಾವುದಕ್ಕೂ ಹೆದರಿಕೆ ಸ್ವಲ್ಪ ಹೆಚ್ಚು.

ನಮ್ಮೂರಿನ ಇನ್ನೊಂದು ರೀತಿಯನ್ನೂ ಹೇಳಬೇಕು. ಇಲ್ಲಿ ದಾರಿ ಕೇಳುವುದು ಯಾರಿಗೂ ನಾಚಿಕೆಯ ಮಾತಲ್ಲ. ಊರ ಹಿರಿಯರೂ ಕೇಳುತ್ತಾರೆ, ಶಾಲೆಯ ಮಾಸ್ತರರೂ ಕೇಳುತ್ತಾರೆ. ಕೇಳಿದವರಿಗೆ ಬಾಯಿಂದ ಹೇಳಬೇಕು; ಕೈ ಹಿಡಿಯಬಾರದು. ಕೈ ಹಿಡಿದು ಕರೆದೊಯ್ಯುವುದು ಹೆಜ್ಜೆ ಕಲಿಯುವ ಕೂಸನ್ನು, ಇಲ್ಲವೆ ಪರಊರಿನಿಂದ ಬಂದ ಬೀಗರನ್ನು. ಬೆಳೆದವರ ಕೈ ಹಿಡಿದರೆ, ನೀನು ಈ ಊರಿನವಳಲ್ಲ ಎಂದು ಮುಖದ ಮೇಲೆ ಹೇಳಿದಂತೆ.

ಅವಳ ಕಣ್ಣಿಗೆ ತೊಂದರೆ ಶುರುವಾದದ್ದು ಹದಿನಾಲ್ಕರಲ್ಲಿ. ಮೊದಲು ಮಬ್ಬಿನಲ್ಲಿ ತಡವರಿಸಿದಳು. ಆಮೇಲೆ ಪಕ್ಕದಲ್ಲಿಟ್ಟ ನೀರಿನ ತಂಬಿಗೆಗೆ ಕಾಲು ತಾಗಿಸಿ ಉರುಳಿಸತೊಡಗಿದಳು. ಶಾಲೆಯಲ್ಲಿ ಹಲಗೆಯ ಮೇಲಿನ ಅಕ್ಷರ ಕಾಣದೆ ಗೆಳತಿ ಕಸ್ತೂರಿ ಬರೆದದ್ದನ್ನು ನೋಡಿ ಬರೆಯುತ್ತಿದ್ದಳಂತೆ. ದಾರಿಯಲ್ಲಿ ಪ್ರೀತಿಯಿಂದ ಎನ್ನುವಂತೆ ಅವಳ ಮೊಳಕೈಗೆ ತನ್ನ ಕೈ ಸೇರಿಸಿ, ಎಡೆಬಿಡದೆ ಮಾತಾಡುತ್ತ ನಡೆಯುತ್ತಿದ್ದಳಂತೆ. ಇದೆಲ್ಲ ನಮಗೆ ತಿಳಿಯುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ದೊಡ್ಡ ಆಸ್ಪತ್ರೆಯ ಕಣ್ಣಿನ ವೈದ್ಯರು ಬಹಳ ಹೊತ್ತು ನೋಡಿ, ಪಕ್ಕದ ನೋಟ ಹೋಗಿದೆ, ನಡುವಿನದೂ ನಿಧಾನಕ್ಕೆ ಹೋಗುತ್ತದೆ, ಇದಕ್ಕೆ ಔಷಧವಿಲ್ಲ ಎಂದರು. ನಾನು ಸಂಜೆ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಅವರು ಹೇಳಿದ್ದು ಅರ್ಥವಾಯಿತು. ಆದರೂ ಅರ್ಥವಾಗಿಲ್ಲವೇನೋ ಎನ್ನುವಂತೆ ಮತ್ತೆ ಮತ್ತೆ ಕೇಳಿದೆ. ಕೊನೆಗೆ ದಾಕ್ಷಾಯಣಿಯೇ, "ಅವ್ವಾ, ಸಾಕು. ಅವರು ಕನ್ನಡದಾಗ ಹೇಳಾಕತ್ತಾರ," ಎಂದಳು.

ಸುದ್ದಿ ಓಣಿಗೆಲ್ಲ ಹರಡಿತು. ಅಂದಿನಿಂದ ಮಂದಿಯ ದನಿ ಬದಲಾಯಿತು. ಅವಳ ಮುಂದೆ ಎಲ್ಲರೂ ಜ್ವರ ಬಂದವರ ಹತ್ತಿರ ಮಾತಾಡುವಂತೆ ಮೆತ್ತಗೆ ಮಾತಾಡತೊಡಗಿದರು. ಅಥವಾ ಅವಳ ಜೊತೆ ಮಾತೇ ಆಡದೆ ನನ್ನನ್ನು ಕೇಳುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಶರಣವ್ವತ್ತೆ ಅವಳನ್ನು ಎದುರಿಗೇ ಕೂಡಿಸಿಕೊಂಡು ನನ್ನ ಕಡೆ ತಿರುಗಿ, "ಆಕಿ ಚಾ ಕುಡೀತಾಳೇನ ಶಿವಲೀಲಾ?" ಎಂದಳು.

"ಕಣ್ಣ ಹೋಗ್ಯಾವತ್ತಿ, ನಾಲಿಗಿ ಹೋಗಿಲ್ಲ," ಎಂದಳು ದಾಕ್ಷಾಯಣಿ. "ಕುಡೀತೀನಿ. ಸಕ್ರಿ ಜಾಸ್ತಿ ಹಾಕು."

ನಾನು ನಕ್ಕೆ. ಮನೆಗೆ ಬಂದ ಮೇಲೆ ನೋಡಿದರೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಿಂದೆ ಕನ್ನಡಿಯ ಮುಂದಿನಿಂದ ಎಬ್ಬಿಸಬೇಕಾದರೆ ನಾನು ಕೂಗಿ ಕೂಗಿ ಸೋಲುತ್ತಿದ್ದೆ. ಈಗ ಜಡೆ ಹೆಣೆದ ಮೇಲೆ, ಬೈತಲೆ ನೆಟ್ಟಗಿದೆಯೇ ಎಂದು ಕೇಳುತ್ತಿದ್ದಳು. ನೆಟ್ಟಗಿದೆ ಎಂದರೆ ನಂಬುತ್ತಿರಲಿಲ್ಲ. ಸೊಟ್ಟಗಿದೆ ಎಂದರೆ ಬಾಚಣಿಗೆ ಬಿಸಾಡುತ್ತಿದ್ದಳು. ಯಾವ ಉತ್ತರ ಕೊಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ ಓಣಿಯಲ್ಲಿ ಮೈನುದ್ದೀನ ಎಂಬ ಹುಡುಗನಿದ್ದ. ಅವಳಿಗಿಂತ ಒಂದು ವರ್ಷ ದೊಡ್ಡವನು, ಹುಟ್ಟುಕುರುಡ. ಬಿದಿರಿನ ಕೋಲು ಹಿಡಿದು ಊರೆಲ್ಲ ತಿರುಗುತ್ತಾನೆ. ಆ ತಿಂಗಳು ಪಿಂಜಾರ ಓಣಿ ನಮ್ಮ ಬಾಯಿಗೇ ಬಂದು ಕೂಡಿತ್ತು. ನನಗೊಂದು ಯೋಚನೆ ಹೊಳೆದು ಅವನನ್ನು ಮನೆಗೆ ಕರೆದೆ. ಇಬ್ಬರಿಗೂ ಒಂದೇ ಕಷ್ಟ, ಮಾತಾಡಿಕೊಂಡರೆ ಹಗುರಾದೀತು ಎಂದುಕೊಂಡಿದ್ದೆ. ಅವನು ತನ್ನಂಥದೇ ಒಂದು ಕೋಲು ಕೆತ್ತಿಕೊಂಡು ಬಂದ.

"ತಗೋ. ಇದನ್ನ ಮುಂದ ಆಡಿಸ್ಕೋತ ನಡದ್ರ ಚರಂಡಿ ತಪ್ಪತೈತಿ," ಎಂದ.

"ನನಗ ಕಾಣತೈತಿ," ಎಂದಳು ಅವಳು.

"ಎಷ್ಟು?"

"ಕಾಣತೈತಿ ಅಂದ್ರ ಕಾಣತೈತಿ. ನೀ ಹುಟ್ಟಿಂದನ ಹಿಂಗ. ಏನ್ ಹೋಗೈತಿ ಅನ್ನೂದ ನಿನಗ ಗೊತ್ತಿಲ್ಲ. ನಾ ನಿನ್ನಂಗ ಅಲ್ಲ."

"ಹೌದು. ನಾ ಹಳಬ, ನೀ ಹೊಸಬಾಕಿ. ಹೊಸಬರಿಗೆ ಸೊಕ್ಕು ಜಾಸ್ತಿ ಇರತೈತಿ," ಎಂದು ಅವನು ಕೋಲನ್ನು ನಮ್ಮ ಬಾಗಿಲ ಮೂಲೆಗೆ ಆನಿಸಿಟ್ಟು, ನಾನು ಕೊಟ್ಟ ಚುರುಮುರಿ ತಿಂದು ಹೋದ. ಅವನು ಹೋದ ಮೇಲೆ ದಾಕ್ಷಾಯಣಿ ಅಡಿಗೆಮನೆಗೆ ಬಂದು, "ಯಾರನ್ನ ಕೇಳಿ ಕರದಿ?" ಎಂದಳು. ನಿನ್ನ ಒಳ್ಳೆಯದಕ್ಕೆ ಎಂದೆ. "ನನ್ನ ಒಳ್ಳೇದು ಅಂದ್ರ ನಾ ಅವನಂಗ ಆಗೂದೇನು?" ಎಂದಳು. ಅಂದು ರೊಟ್ಟಿಯೆಲ್ಲ ಸೀದುಹೋದವು.

ಹಗ್ಗದ ವಿಚಾರ ಎತ್ತಿದವರು ಬಾಳಪ್ಪ ಕಾಕಾ. ಅವರು ನಮ್ಮ ಓಣಿಯ ಹಿರಿಯರು. ನಾರಿನ ಹಗ್ಗ ಹೊಸೆಯುವುದು ಅವರ ಮನೆತನದ ಕಸುಬು. ನಮ್ಮ ಮನೆಬಾಗಿಲಿನಿಂದ ಶಾಲೆಯ ಗೇಟಿನವರೆಗೆ ಗೋಡೆಗಳಗುಂಟ ಹಗ್ಗ ಕಟ್ಟಿದರೆ ದಾಕ್ಷಾಯಣಿ ಅದನ್ನೇ ಹಿಡಿದು ಹೋಗಿ ಬರಬಹುದು ಎಂದರು. ಅಮಾವಾಸ್ಯೆ ಬಂದರೆ ಏನು ಗತಿ ಎಂದು ನನ್ನ ಗಂಡ ಕೇಳಿದರು. ಅವರು ದರ್ಜಿ, ಅಳೆಯದೆ ಏನನ್ನೂ ಒಪ್ಪುವವರಲ್ಲ. "ನಾ ಹೊಸೆದ ಹಗ್ಗ ಹರಿಯಂಗಿಲ್ಲೋ ತಮ್ಮಾ. ಹಗ್ಗ ಹರೀಲಿಲ್ಲ ಅಂದ್ರ ಓಣಿ ಹೆಂಗ ಸರೀತಾವ? ಎತ್ತು ಗೂಟ ಕಿತ್ತಗೊಂಡು ಹೋಗೂದಕ್ಕೂ ಒಂದು ಮಿತಿ ಐತಿ," ಎಂದರು ಕಾಕಾ. ಕೇಳಿದವರಿಗೆಲ್ಲ ಇದು ಸರಿ ಎನ್ನಿಸಿತು. ಒಂದು ಹುಡುಗಿಯ ಸಲುವಾಗಿ ಊರೇ ನಿಲ್ಲುವುದಾದರೆ ನಿಲ್ಲಲಿ ಎಂದು ಕಮ್ಮಾರರು ಮೊಳೆ ಕೊಟ್ಟರು, ಕುಂಬಾರರು ತಮ್ಮ ಗೋಡೆಗೆ ತೂತು ಕೊರೆಯಲು ಬಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಜನ ಅಷ್ಟು ಪ್ರೀತಿಯಿಂದ ಮಾಡುತ್ತಿರುವಾಗ ದಾಕ್ಷಾಯಣಿ ಬೇಡ ಎನ್ನುವುದು ಹೇಗೆ?

ಅಮಾವಾಸ್ಯೆ ಕಳೆಯಿತು. ಪಾಡ್ಯದ ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಹಗ್ಗ ಎಲ್ಲೂ ಹರಿದಿರಲಿಲ್ಲ. ಬಾಳಪ್ಪ ಕಾಕಾ ಅದನ್ನು ಮೀಟಿ ನೋಡಿ, "ನಾ ಹೇಳಿದ್ನಲ್ಲ!" ಎಂದರು. ಇವತ್ತು ಸುದ್ದಿಯೇ ಬೇಕಾಗಿಲ್ಲ, ಊರು ನಿಂತಿದೆ ಎಂದು ಎಲ್ಲರೂ ಖುಷಿಪಟ್ಟರು. ದಾಕ್ಷಾಯಣಿ ಸಮವಸ್ತ್ರ ತೊಟ್ಟು ಹಗ್ಗ ಹಿಡಿದು ಶಾಲೆಗೆ ಹೊರಟಳು. ಓಣಿಗಳು ಸರಿದಿದ್ದವು. ಹಗ್ಗವೂ ಅವುಗಳ ಜೊತೆಗೇ ಜಗ್ಗಿಕೊಂಡು, ಹರಿಯದೆ, ಬೇರೆ ಕಡೆಗೆ ಹೋಗಿತ್ತು. ಕಾಕಾನ ಹಗ್ಗ ಅಷ್ಟು ಗಟ್ಟಿ.

ಅದು ಅವಳನ್ನು ನೇರ ಗರಡಿಮನೆಯೊಳಗೆ ಬಿಟ್ಟಿತು. ಬೆಳಗಿನ ಹೊತ್ತು, ಎಣ್ಣೆ ಹಚ್ಚಿಕೊಂಡು ಲಂಗೋಟಿಯಲ್ಲಿ ಸಾಮು ಮಾಡುತ್ತಿದ್ದ ಪೈಲ್ವಾನರು ಹುಡುಗಿಯೊಬ್ಬಳು ಪಾಟೀಚೀಲ ಹೊತ್ತು ಕೆಮ್ಮಣ್ಣಿನ ಅಖಾಡಕ್ಕೆ ಇಳಿದದ್ದನ್ನು ಕಂಡು ಹೋ ಎಂದು ಕಂಬದ ಹಿಂದೆ ಓಡಿದರಂತೆ. ಒಬ್ಬನು ಕಲ್ಲುಗುಂಡು ಕಾಲ ಮೇಲೆ ಹಾಕಿಕೊಂಡನಂತೆ. ಉಸ್ತಾದರು ಟವೆಲ್ಲು ಸುತ್ತಿಕೊಂಡು, ಅವಳ ಕೈ ಹಿಡಿದು, ಮೂರು ಓಣಿ ದಾಟಿಸಿ, ಎಲ್ಲರೂ ನೋಡುತ್ತಿರುವಂತೆಯೇ ಮನೆಗೆ ತಂದುಬಿಟ್ಟರು. ಅವರದು ತಪ್ಪೇನೂ ಇಲ್ಲ. ಆದರೆ ಆ ಕೈಯಿಂದ ತನ್ನ ಕೈ ಬಿಡಿಸಿಕೊಂಡಾಗ ದಾಕ್ಷಾಯಣಿಯ ಮುಖ ಹೇಗಿತ್ತು ಎನ್ನುವುದನ್ನು ಬರೆಯಲು ನನಗೆ ಬರುವುದಿಲ್ಲ.

ಅಂದಿನಿಂದ ಅವಳು ಹೊರಗೆ ಹೋಗಲಿಲ್ಲ. ಶಾಲೆ ಬಿಟ್ಟಳು. ಕಸ್ತೂರಿ ಬಂದರೆ ಮಲಗಿದ್ದಾಳೆ ಎನ್ನು ಎಂದಳು. ಬಾಳಪ್ಪ ಕಾಕಾ ಹಗ್ಗ ಸುತ್ತಿಕೊಂಡು ಹೋದರು, ನಮ್ಮ ಕಡೆ ನೋಡದೆ. ನಾನು ಊಟದ ತಟ್ಟೆಯನ್ನು ಅವಳಿದ್ದಲ್ಲಿಗೇ ಒಯ್ದು ಕೊಡತೊಡಗಿದೆ. ಬಟ್ಟೆ ತೆಗೆದಿಟ್ಟೆ, ನೀರು ಕಾಯಿಸಿ ತಂಬಿಗೆಯನ್ನು ಕೈಗಿಟ್ಟೆ. ನನ್ನ ಗಂಡ ಒಂದು ದಿನ, "ಎಲ್ಲಾ ನೀನ ಮಾಡಿದ್ರ ಆಕಿ ಏನ್ ಮಾಡಬೇಕು?" ಎಂದರು. ನಾನು ಅತ್ತೆ. ಮಾಡದಿದ್ದರೆ ತಾಯಿ ಹೇಗಾದೇನು, ಮಾಡಿದರೆ ಏನಾಗುತ್ತಿದ್ದೇನೆ, ಎರಡೂ ತಿಳಿಯುತ್ತಿರಲಿಲ್ಲ.

ಮೈನುದ್ದೀನ ಈ ಸಲ ಕರೆಯದೆ ಬಂದ. ಹೊರಗೆ ಕಟ್ಟೆಯ ಮೇಲೆ ಕೂತು, ನನಗೆ ಹೇಳುವಂತೆ, ಕಿಟಕಿಯ ಕಡೆ ದನಿ ಎತ್ತಿದ.

"ಅಕ್ಕಾರ, ಆ ಪೈಲ್ವಾನರು ಲಂಗೋಟಿ ಹಿಡಕೊಂಡು ಓಡಿದ್ರಂತ. ಯಾರ ಮುಂದ? ದಾಕ್ಷಾಯಣಿ ಮುಂದ! ಆಕಿ ಹೇಳಬೇಕಿತ್ತು, ನಿಂದರ್ರೀ ಮಾವಾರ, ನನಗ ಏನೂ ಕಾಣಂಗಿಲ್ಲ ಅಂತ."

ಒಳಗಿಂದ, "ಸ್ವಲ್ಪ ಕಾಣತೈತಿ," ಎಂಬ ದನಿ ಬಂತು.

"ಏನೇನ ಕಾಣತೈತಿ?"

"ಬೆಳಕು. ಬಿಳಿ ಗೋಡಿ."

"ಹಂಗಾರ ಚಿಂತಿಲ್ಲ. ಲಂಗೋಟಿ ಕೆಂಪು ಇರತಾವಂತ."

ಅವಳು ನಕ್ಕಳು. ಮೂಗಿನಿಂದ ಬಂದ ಸಣ್ಣ ಸದ್ದು ಅಷ್ಟೇ. ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟು ನಿಂತೆ. ಅವಳು ಬಾಗಿಲಿಗೆ ಬಂದು ಹೊಸಿಲ ಮೇಲೆ ಕೂತಳು. ಮೈನುದ್ದೀನ ಹೇಳಿದ: "ನೀ ಅಂದದ್ದು ಖರೆ. ಹೋದದ್ದಕ್ಕ ಅಳೂದು ನನಗ ತಿಳ್ಯಾಂಗಿಲ್ಲ. ನನ್ನ ಹತ್ತರ ಇದ್ದರಲ್ಲೇನು ಹೋಗಾಕ. ಅದನ್ನ ನೀನ ಅಳಬೇಕು. ಆದ್ರ ಮಂದಿ ಬಂದು ಗಪ್ಪನ ಕೈ ಹಿಡೀತಾರಲ್ಲ, ಆವಾಗ ಮೈ ಉರೀತೈತಿ. ಅದು ನನಗ ಗೊತ್ತೈತಿ."

"ಆವಾಗ ನೀ ಏನ್ ಮಾಡತಿ?"

"ಅವರ ಕೈ ನಾನ ಗಟ್ಟಿ ಹಿಡಕೊಂಡು ಕೇಳತೀನಿ: ಯಾಕ್ರಿ, ದಾರಿ ತಪ್ಪೈತೇನು? ಎಲ್ಲಿಗೆ ಬಿಡಲಿ?"

ಈ ಸಲ ಅವಳು ಬಾಯಿಬಿಟ್ಟು ನಕ್ಕಳು. ನಗುತ್ತ ನಗುತ್ತ ಅದು ಅಳುವಾಯಿತು. ನಾನು ಹೊರಗೆ ಹೋಗಲು ಹೆಜ್ಜೆ ಎತ್ತಿದೆ. ಮೈನುದ್ದೀನ ಸುಮ್ಮನೆ ಕೂತಿದ್ದ. ಸಮಾಧಾನ ಮಾಡಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಅದನ್ನು ನೋಡಿ ನಾನೂ ನಿಂತೆ.

ಮುಂದಿನ ಅಮಾವಾಸ್ಯೆ ಹತ್ತಿರ ಬಂದಾಗ ಬಾಳಪ್ಪ ಕಾಕಾ ಮನೆಗೆ ಬಂದರು. ಸುದ್ದಿಯ ಕೆಲಸವನ್ನು ಕಸ್ತೂರಿಗೆ ವಹಿಸಬೇಕೆಂದು ಓಣಿಯವರು ಮಾತಾಡಿಕೊಂಡಿದ್ದಾರೆ ಎಂದು ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು. "ಪಾಪ, ಆಕಿ ಮನ್ಯಾಗ ಆರಾಮ ಇರ್ಲಿ." ನಾನು ಹ್ಞೂಂ ಎನ್ನುವವಳಿದ್ದೆ. ನಿಜ ಹೇಳಬೇಕೆಂದರೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ದಾಕ್ಷಾಯಣಿ ಗೋಡೆ ಸವರಿಕೊಂಡು ಹೊರಗೆ ಬಂದಳು. "ಕಾಕಾ, ನನ್ನ ಸುದ್ದಿ ಯಾವತ್ತರ ತಪ್ಪೈತೇನು?"

"ಇಲ್ಲವಾ."

"ಮತ್ತ ಯಾಕ ಬಿಡಸ್ತೀರಿ?"

ಕಾಕಾ ನನ್ನ ಮುಖ ನೋಡಿದರು. "ಆತು, ಈ ಪಾಡ್ಯಕ್ಕ ನೀನ ಹೋಗು. ಕಸ್ತೂರಿ ಹಿಂದಿಂದ ಬರತಾಳ."

"ಯಾರೂ ಹಿಂದ ಬರೂದು ಬ್ಯಾಡ. ಸುದ್ದಿ ತಪ್ಪಿದ್ರ ಬಿಡಸ್ರಿ."

ಅವರು ಒಪ್ಪಿಕೊಂಡು ಹೋದರು. ಉಳಿದ ದಿನಗಳಲ್ಲಿ ಸಂಜೆ ಹೊತ್ತು ಮೈನುದ್ದೀನ ಬರುತ್ತಿದ್ದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೋಲು ಹೊರಗೆ ಬಂತು. ಹಿತ್ತಲಿನಲ್ಲಿ ಅವರಿಬ್ಬರ ಜಗಳವೇ ಜಗಳ. "ಕೋಲು ಅಂದ್ರ ಕಸಬರಗಿ ಅಲ್ಲ, ಅಂಗಳ ಹೊಡಿಯಾಕತ್ತಿಯೇನು?" ಎಂದು ಅವನು, "ನಿನ್ನ ಕಾಲಿಗೆ ಹೊಡಿಯಾಕತ್ತೀನಿ, ಸರಿ ಅತ್ಲಾಗ," ಎಂದು ಇವಳು. ನಾನು ಒಳಗೆ ಕೂತು ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ತೆರೆದ ಬಾವಿ, ಎತ್ತಿನ ಗಾಡಿ, ಬೀದಿನಾಯಿ, ಕೆರೆಯ ಮೆಟ್ಟಿಲು, ಒಂದಾದ ಮೇಲೊಂದು ಕಣ್ಣ ಮುಂದೆ ಬರುತ್ತಿದ್ದವು.

ಪಾಡ್ಯದ ಬೆಳಿಗ್ಗೆ ಅವಳು ಕೋಲನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟಳು. ಓಣಿ ಮುಗಿಯುವ ತನಕ ಅದನ್ನು ನೆಲಕ್ಕೆ ಊರಲಿಲ್ಲ. ಪರಿಚಿತ ಕಲ್ಲುಗಳ ಮೇಲೆ ತಲೆ ಎತ್ತಿಕೊಂಡು ಹೋದಳು. ಓಣಿಯ ಬಾಯಿಯಲ್ಲಿ ಒಂದು ಕ್ಷಣ ನಿಂತು, ಕೋಲನ್ನು ಮುಂದೆ ಚಾಚಿ, ಆ ಕಡೆ ಇಳಿದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಹಿಂದೆ ಓಡಲು ಕಾಲು ತುಡಿಯುತ್ತಿತ್ತು. ನನ್ನ ಗಂಡ ಸುಮ್ಮನೆ ನನ್ನ ಸೆರಗಿನ ತುದಿ ಹಿಡಿದು ನಿಂತಿದ್ದರು.

ಅವಳು ಬರುವುದು ತಡವಾಯಿತು. ಆದರೆ ಬಂದಳು. ಒಂದು ಮೊಳಕಾಲು ತರಚಿತ್ತು, ಲಂಗಕ್ಕೆಲ್ಲ ಧೂಳು ಮೆತ್ತಿತ್ತು. ಓಣಿಯ ನಡುವೆ ನಿಂತು ಕೂಗಿದಳು: "ಬಾವಿ ಬಾಯಿಗೆ ಕುಂಬಾರ ಓಣಿ! ಹುಣಸಿಮರದ ಬಾಯಿಗೆ ಕಮ್ಮಾರ ಓಣಿ! ಗಿರಣಿಗೆ ಹೋಗವರು ಕಮ್ಮಾರ ಓಣ್ಯಾಗ ಹಾದು ಹೋಗ್ರಿ!"

ನನಗೆ ಕೂತು ಅಳಬೇಕೆನ್ನಿಸಿತು. ಅಳಲಿಲ್ಲ, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಜೋಳದ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಉಳಿದ ಹೆಂಗಸರ ಜೊತೆ ಹೊರಟೆ. ಶರಣವ್ವತ್ತೆ ಮುಂದೆ, ನಾನು ಹಿಂದೆ. ಹಗ್ಗದ ಹೊರೆ ಮಾರಲು ಬಾಳಪ್ಪ ಕಾಕಾ, ಅವರ ಹಿಂದೆ ಒಬ್ಬಿಬ್ಬರು ಗಂಡಸರು ಕೂಡ ಜೊತೆಗೆ ಬಂದರು. ಹುಣಸೆಮರದ ಆಚೆ ಸುತ್ತಿಗೆಯ ಸದ್ದೇನೋ ಇತ್ತು. ಆದರೆ ಅದು ಕಮ್ಮಾರ ಓಣಿಯಲ್ಲ, ತಾಮ್ರದ ಹಂಡೆ ಬಡಿಯುವ ತಾಂಬಟಗಾರರ ಓಣಿ. ಅದು ಗೊತ್ತಾಗುವಷ್ಟರಲ್ಲಿ ನಾವು ತಿರುವು ದಾಟಿ, ಏರು ಹತ್ತಿ, ಕೆರೆಯ ಏರಿಯ ಗೋಡೆಗೆ ಬಂದು ಮುಟ್ಟಿದ್ದೆವು. ಮುಂದೆ ದಾರಿಯಿಲ್ಲ. ಗಿರಣಿ ಊರಿನ ಇನ್ನೊಂದು ತುದಿಯಲ್ಲಿ ಟುಕ್ ಟುಕ್ ಎನ್ನುತ್ತಿತ್ತು. ಬಿಸಿಲು ಏರಿತ್ತು. ಯಾರೂ ಏನೂ ಅನ್ನಲಿಲ್ಲ. ಡಬ್ಬಿಗಳನ್ನು ಹೊತ್ತುಕೊಂಡು, ಬೆವರು ಒರೆಸಿಕೊಳ್ಳುತ್ತ, ಬಂದ ದಾರಿಯಲ್ಲೇ ತಿರುಗಿದೆವು. ಆ ಮೌನ ನನಗೆ ತಲೆಯ ಮೇಲಿನ ಜೋಳಕ್ಕಿಂತ ಭಾರವಾಗಿತ್ತು.

ದಾಕ್ಷಾಯಣಿ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅಷ್ಟೊಂದು ಕಾಲುಗಳು ಬೇಗ ತಿರುಗಿ ಬಂದದ್ದು ತಿಳಿದು ಎದ್ದು ನಿಂತಳು. "ಯಾಕ? ಏನಾತು?"

"ಏನಿಲ್ಲವಾ," ಎಂದರು ಬಾಳಪ್ಪ ಕಾಕಾ, ಮೆತ್ತಗೆ. "ಅದು ತಾಂಬಟಗಾರರ ಓಣಿ. ಹೋಗ್ಲಿ ಬಿಡು. ಪಾಪ, ನೀನರ ಏನ್ ಮಾಡತಿ, ನಿನಗೇನು ಕಾಣತೈತೇನು..."

ಅವಳ ಮುಖ ಬಿಳಿಚಿಕೊಂಡಿತು. ನಂತರ ಅವಳು ಹೇಳಿದ್ದು ಓಣಿಗೆಲ್ಲ ಕೇಳಿಸಿತು. "ಕಣ್ಣಿಂದ ತಪ್ಪಿಲ್ಲ ಕಾಕಾ. ಬಡಿಯೂ ಸದ್ದು ಬಂತು, ಕಮ್ಮಾರ ಓಣಿನ ಅಂತ ತಿಳಕೊಂಡೆ. ತಡ ಆಗೈತಿ ಅಂತ ಅವಸರ ಮಾಡಿದೆ. ಯಾರನ್ನೂ ವಿಚಾರಸಲಿಲ್ಲ. ಬಾಯಿ ಇತ್ತು, ವಿಚಾರಸಬಹುದಿತ್ತು."

ಎಲ್ಲರೂ ನೆಲ ನೋಡುತ್ತಿದ್ದರು. ಶರಣವ್ವತ್ತೆಯ ತುಟಿ ಆಗಲೇ ಅಯ್ಯೋ ಪಾಪ ಎನ್ನಲು ಸಿದ್ಧವಾಗಿತ್ತು. ಅದೊಂದು ಮಾತು ಹೊರಬಿದ್ದರೆ ನನ್ನ ಮಗಳು ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ ಎಂದು ನನಗೆ ಅನ್ನಿಸಿತು. ಅವಳನ್ನು ಅಪ್ಪಿಕೊಂಡು ಒಳಗೆ ಕರೆದೊಯ್ಯಲು ನನ್ನ ಕೈಗಳು ಎದ್ದವು. ತಲೆಯ ಮೇಲೆ ಡಬ್ಬಿ ಇತ್ತು. ಅದನ್ನು ದೊಪ್ಪೆಂದು ಕಟ್ಟೆಯ ಮೇಲೆ ಇಳಿಸಿದೆ. ಬಾಯಿ ತೆರೆದಾಗ ಏನು ಬರುತ್ತದೋ ನನಗೇ ಗೊತ್ತಿರಲಿಲ್ಲ.

"ವಿಚಾರಸಲಾರದ ಯಾಕ ಬಂದಿ?" ಎಂದೆ. ದನಿ ದೊಡ್ಡದಾಗಿತ್ತು. "ತಲಿ ಮ್ಯಾಲ ಹೊರಿ ಹೊತ್ತಗೊಂಡು ಏರಿ ತನಕ ಹೋಗಿ ಬಂದೀನಿ! ಕುತಗಿ ಮುರದು ಹೋಗೈತಿ! ಸುದ್ದಿ ಹೇಳೂದು ಅಂದ್ರ ಹುಡುಗಾಟಕಿ ಅಂತ ತಿಳಕೊಂಡಿಯೇನು?"

ಓಣಿ ಗಕ್ಕನೆ ನನ್ನ ಕಡೆ ತಿರುಗಿತು. ದಾಕ್ಷಾಯಣಿಯೂ ತಿರುಗಿದಳು. ಅವಳ ಬಾಯಿ ಅರ್ಧ ತೆರೆದಿತ್ತು. ಅಷ್ಟರಲ್ಲಿ ಶರಣವ್ವತ್ತೆ ತನ್ನ ಡಬ್ಬಿಯನ್ನೂ ಇಳಿಸಿ, "ನನ್ನ ಮೊಣಕಾಲು ಕೇಳಬೇಕು!" ಎಂದು ಕೂಗಿದಳು. "ಈ ವಯಸ್ಸಿನಾಗ ನನ್ನ ಕೆರಿ ಏರಿ ಹತ್ತಿಸಿದಿ, ಬಾಯಿಗೇನು ಕೀಲಿ ಹಾಕಿದ್ದಿಯೇನು?" ಮತ್ತೊಬ್ಬಳು, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ, ಅದು ಹೊತ್ತಿ ಹೋಗಿರುತ್ತದೆ ಎಂದಳು. ಇನ್ನೊಬ್ಬರು, ತಾಂಬಟಗಾರರ ನಾಯಿ ತಮ್ಮ ಧೋತರ ಹರಿಯಿತು ಎಂದರು. ಬಾಳಪ್ಪ ಕಾಕಾ ಕೆಂಪಗಾಗಿ ಹಗ್ಗದ ಹೊರೆಯನ್ನು ನೆಲಕ್ಕೆ ಒಗೆದರು. "ಬಿಡಸ್ತೀನಿ ಅಂತ ತಿಳಕೊಂಡಿಯೇನು? ಅಷ್ಟು ಸಲೀಸ ಬಿಡಂಗಿಲ್ಲ ನಿನ್ನ! ಮುಂದಿನ ಪಾಡ್ಯಕ್ಕ ಹೋಗು, ನೆಟ್ಟಗ ವಿಚಾರಿಸಿ ಬಾ! ಇಲ್ಲಂದ್ರ ಇಷ್ಟೂ ಡಬ್ಬಿ ನೀನ ಹೊರಬೇಕಾಗತೈತಿ!"

ತಿಂಗಳುಗಟ್ಟಲೆ ಕೂಡಿಟ್ಟುಕೊಂಡ ದನಿಯೆಲ್ಲ ಒಮ್ಮೆಲೇ ಹೊರಬಿದ್ದಂತೆ ಓಣಿಗೆ ಓಣಿಯೇ ಬೈಯತೊಡಗಿತು. ದಾಕ್ಷಾಯಣಿ ಆ ಗದ್ದಲದ ನಡುವೆ ಆ ಕಡೆ ಈ ಕಡೆ ಮುಖ ತಿರುಗಿಸುತ್ತ, ಮೊದಲು ಬೆದರಿದವಳಂತೆ ನಿಂತಿದ್ದಳು. ಆಮೇಲೆ ಕೋಲನ್ನು ಕಲ್ಲಿಗೆ ಟಣ್ಣನೆ ಕುಟ್ಟಿ, ಸೊಂಟದ ಮೇಲೆ ಕೈಯಿಟ್ಟು, ಎಲ್ಲರಿಗಿಂತ ಎತ್ತರದ ದನಿಯಲ್ಲಿ ಕೂಗಿದಳು:

"ಒಬ್ಬೊಬ್ಬರ ಬೈರಿ! ಯಾರು ಬೈಯಾಕತ್ತೀರಿ ಅಂತ ನನಗ ಕಾಣಂಗಿಲ್ಲ. ಹೆಸರ ಹೇಳಿ ಬೈರಿ!"